‘ಲೋಕಲ್’ ಎಂಬ ಹೆಸರಿಲ್ಲದ ತಳಿ



ನಮ್ಮ ತೋಟಗಾರಿಕೆ ಸ್ನಾತಕೋತ್ತರ ಪ್ರಬಂಧಗಳಲ್ಲಿ ಬರುವ ಒಂದು ಕೋಷ್ಟಕ ನಿಮಗೆಲ್ಲ ಗೊತ್ತಿದೆ. ಮೇಲೆ ಬಿಡುಗಡೆಯಾದ ತಳಿಗಳ ಹೆಸರು, ನಡುವೆ ಕಂಪನಿ ಹೈಬ್ರಿಡ್‌ಗಳು, ಎಲ್ಲಕ್ಕಿಂತ ಕೆಳಗೆ ‘ಲೋಕಲ್’. ಯಾವ ಊರಿನ ಲೋಕಲ್? ಯಾರ ಮನೆಯ ಬೀಜ? ಗದ್ದೆಯದೋ, ಸಂತೆಯಲ್ಲಿ ಕೊಂಡ ಪೊಟ್ಟಣದ್ದೋ? ಕೋಷ್ಟಕ ಹೇಳುವುದಿಲ್ಲ. ಇಳುವರಿಯಲ್ಲಿ ಅದು ಸೋಲುತ್ತದೆ, ಪ್ರಬಂಧ ಮುಗಿಯುತ್ತದೆ. ಹೆಸರಿಲ್ಲದ, ಊರಿಲ್ಲದ ಒಂದು ಮಾದರಿಯನ್ನು ಸೋಲಿಸಿ ಪದವಿ ಪಡೆಯುವುದನ್ನು ಮೌಲ್ಯಮಾಪನ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕರಬೂಜದ ಜಾತಿ, ಅಂದರೆ ಕುಕುಮಿಸ್ ಮೆಲೊ, ನಮ್ಮ ನೆಲದಲ್ಲಿ ಎಷ್ಟು ವೇಷ ಹಾಕಿದೆ ನೋಡಿ. ಕರಾವಳಿಯ ಮಂಗಳೂರು ಸೌತೆ ಈ ಜಾತಿಯದ್ದೇ. ಅದಕ್ಕೆ 24 ವರ್ಣತಂತುಗಳು, ಎಳೆಸೌತೆಗೆ 14. ಇವೆರಡು ಒಂದೇ ಅಂಗಳದಲ್ಲಿ ಹಬ್ಬಿದರೂ ಬೆರೆಯುವುದಿಲ್ಲ. ಹಣ್ಣಾದರೆ ಬಾಯಿಬಿಟ್ಟು ಬಿರಿಯುವ ಇಬ್ಬುಡ್ಲು, ಕರಾವಳಿಯವರ ಚಿಬ್ಬಡ, ಇನ್ನೊಂದು ಗುಂಪು. ರಾಜಸ್ಥಾನದವರು ಒಣಗಿಸಿ ಹುಳಿಗೆ ಬಳಸುವ ಕಚ್ರಿ ಮತ್ತೊಂದು. ಇವನ್ನೆಲ್ಲ ಸಾಲಾಗಿ ನಿಲ್ಲಿಸಿ ಬ್ರಿಕ್ಸ್ ಮೀಟರ್ ಹಿಡಿದು ಸಿಹಿ ಅಳೆದರೆ ಏನು ಸಿಗುತ್ತದೆ? ಸಾಂಬಾರಿಗೆ ಬೇಕಾದ ಕಾಯಿ ಸಿಹಿ ಇಲ್ಲವೆಂದು ಅಂಕ ಕಳೆದುಕೊಳ್ಳುತ್ತದೆ, ಅಷ್ಟೆ.

ಮಂಗಳೂರು ಸೌತೆಯ ವಿಷಯ ತುಸು ಬಿಡಿಸಿ ಹೇಳುತ್ತೇನೆ. ಭತ್ತದ ಕೊಯ್ಲಾದ ಗದ್ದೆಯಲ್ಲಿ ಬೇಸಿಗೆಗೆ ಬೆಳೆಯುವ ಬೆಳೆ ಅದು. ಬಲಿತ ಕಾಯನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕುತ್ತಾರೆ. ಹೊರಗೆ ಆಷಾಢದ ಮಳೆ ಹೊಯ್ಯುವಾಗ, ತರಕಾರಿ ಸಿಗದ ದಿನಗಳಲ್ಲಿ, ಒಂದೊಂದೇ ಕಾಯಿ ಕೆಳಗಿಳಿದು ಹುಳಿಗೋ ಕೊದ್ದೆಲಿಗೋ ಹೋಗುತ್ತದೆ. ಫ್ರಿಜ್ ಇಲ್ಲ, ಮೇಣದ ಲೇಪವಿಲ್ಲ. ಕೊನೆಯವರೆಗೆ ಕೆಡದೆ ಉಳಿದ ಕಾಯಿಯ ಬೀಜವನ್ನೇ ಬೂದಿ ಬೆರೆಸಿ ಒಣಗಿಸಿಟ್ಟ ಗೃಹಿಣಿ ತಿಳಿದೋ ತಿಳಿಯದೆಯೋ ಬಾಳಿಕೆಯ ಗುಣಕ್ಕೆ ಆಯ್ಕೆ ನಡೆಸಿದ್ದಾಳೆ. ನಮ್ಮ ಪ್ರಯೋಗಗಳಲ್ಲೋ, ಕಾಯಿ ಕೊಯ್ದು ತೂಕ ಬರೆದ ದಿನವೇ ದಾಖಲೆ ಪುಸ್ತಕ ಮುಚ್ಚಿಬಿಡುತ್ತದೆ. ಈ ತಳಿಯ ನಿಜವಾದ ಪರೀಕ್ಷೆ ಶುರುವಾಗುವುದೇ ಆ ದಿನದಿಂದ.

ಹೊರಗಿನವರು ನಮ್ಮ ನಾಡತಳಿಗಳನ್ನು ಹೇಗೆ ನೋಡಿದರು ಎಂಬುದಕ್ಕೆ ಹಳೆಯ ಕತೆಯೊಂದಿದೆ. 1925ರಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಕರಬೂಜಕ್ಕೆ ಬೂದಿರೋಗ ಹಬ್ಬಿತು. ಅಲ್ಲಿಯ ಸಿಹಿ ತಳಿಗಳಲ್ಲಿ ರೋಗ ತಡೆಯುವ ಶಕ್ತಿ ಇರಲಿಲ್ಲ. ಅದು ಸಿಕ್ಕಿದ್ದು ಭಾರತದಿಂದ ಹೋಗಿದ್ದ ಬೀಜದಲ್ಲಿ. ಅಲ್ಲಿಯ ವಿಜ್ಞಾನಿಗಳು ಆ ಬೀಜವನ್ನು ತಮ್ಮ ತಳಿಯೊಂದಿಗೆ ಸಂಕರಿಸಿ 1936ರಲ್ಲಿ ಪಿಎಂಆರ್ 45 ಎಂಬ ನಿರೋಧಕ ತಳಿ ಹೊರತಂದರು. ಎರಡೇ ವರ್ಷದಲ್ಲಿ ರೋಗಾಣುವಿನ ಹೊಸ ಬಗೆ ಎದ್ದು ನಿಂತಿತು, ಮತ್ತೆ ಹುಡುಕಾಟ. ಮುಂದೆ ಕೋಲ್ಕತ್ತದಿಂದ ಹೋದ ಪಿಐ 124111 ಎಂಬ ಸಂಗ್ರಹದಲ್ಲಿ ಬೂದಿರೋಗ, ಬೂಜು ತುಪ್ಪಟ ರೋಗ ಎರಡಕ್ಕೂ ನಿರೋಧ ಕಂಡಿತು. ಇಬ್ಬುಡ್ಲು ಗುಂಪಿನ ಪಿಐ 414723 ಸಸ್ಯಹೇನನ್ನೂ ಒಂದು ನಂಜುರೋಗವನ್ನೂ ತಡೆಯಿತು. 2012ರಲ್ಲಿ ಟೊಮೆಟೊ ಎಲೆಮುರುಟು ನವದೆಹಲಿ ವೈರಸ್ ಸ್ಪೇನಿನ ಹೊಲಗಳಿಗೆ ನುಗ್ಗಿದಾಗಲೂ ಅಲ್ಲಿಯ ವಿಜ್ಞಾನಿಗಳಿಗೆ ನಿರೋಧ ಸಿಕ್ಕಿದ್ದು ಭಾರತದ ಇಂಥ ತಳಿಗಳಲ್ಲೇ.

ಇದನ್ನು ಕೇಳಿ ಎದೆಯುಬ್ಬಿಸಿಕೊಂಡು ಕೂರುವುದು ಬೇಡ. ಇಬ್ಬುಡ್ಲಿನಿಂದ ರೋಗನಿರೋಧ ತರುವಾಗ ಬಿರಿಯುವ ಗುಣ, ಹಿಟ್ಟುಹಿಟ್ಟಾದ ತಿರುಳು, ಸಪ್ಪೆತನವೂ ಜೊತೆಯಲ್ಲೇ ಬರುತ್ತವೆ. ಅವನ್ನು ಕಳಚಲು ತಲೆಮಾರಿನ ಮೇಲೆ ತಲೆಮಾರು ಹಿಮ್ಮುಖ ಸಂಕರಣ ಮಾಡಬೇಕು; ಮೂರು ವರ್ಷದ ಯೋಜನೆಯಲ್ಲಿ ಮುಗಿಯುವ ಕೆಲಸವಲ್ಲ. ಇನ್ನೊಂದು ದಾರಿಯೂ ಇದೆ: ನಾಡತಳಿಯನ್ನು ಅದರದೇ ಗುಣದಲ್ಲಿ ಉತ್ತಮಪಡಿಸುವುದು. ಬಿಕಾನೇರಿನ ಕೇಂದ್ರೀಯ ಶುಷ್ಕ ತೋಟಗಾರಿಕೆ ಸಂಸ್ಥೆ ಇಬ್ಬುಡ್ಲಿನಲ್ಲಿ ಎಎಚ್‌ಎಸ್ 10, ಎಎಚ್‌ಎಸ್ 82, ಕಚ್ರಿಯಲ್ಲಿ ಎಎಚ್‌ಕೆ 119 ತಳಿಗಳನ್ನು ಹೊರತಂದಿದ್ದು ಹೀಗೆ. ಕಚ್ರಿಯನ್ನು ಕರಬೂಜವಾಗಿಸಲು ಅವರು ಹೋಗಲಿಲ್ಲ. ಇತ್ತ ಹೆಸರಘಟ್ಟದ ನಮ್ಮ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜೀತ್ ಕರಬೂಜ ಕೂಡ ಲಖನೌ ಕಡೆಯ ನಾಡತಳಿಯಿಂದ ಆಯ್ದದ್ದೇ. ಉತ್ತರದ ಮರಳುದಂಡೆಗಳ ತಳಿಗೆ ಸಿಕ್ಕ ಗಮನ ಕರಾವಳಿಯ ಗದ್ದೆಗೂ ಬಯಲುಸೀಮೆಯ ಹೊಲದ ಬದುವಿಗೂ ಸಿಗಲಿ ಎಂಬುದು ನನ್ನ ವಾದ.

ಹಾಗಾದರೆ ಮೌಲ್ಯಮಾಪನ ಹೇಗಿರಬೇಕು? ಮಳೆಗಾಲ ಕಳೆದ ಗದ್ದೆಯ ಪಸೆಯಲ್ಲಿ ಬೆಳೆವ ತಳಿಯನ್ನು ಹನಿ ನೀರಾವರಿ, ರಸಾವರಿ, ಮಲ್ಚಿಂಗ್ ಹಾಳೆಯ ಮೇಲೆ ಮಾತ್ರ ಬೆಳೆಸಿ ನೋಡಿದರೆ ಅದರ ಅರ್ಧ ಗುಣ ಕಾಣುವುದೇ ಇಲ್ಲ. ಅದರದೇ ಹಂಗಾಮಿನಲ್ಲಿ, ಅದರದೇ ಊರಿನಲ್ಲೂ ಒಂದು ತಾಕು ಇರಲಿ. ಔಷಧಿ ಸಿಂಪಡಿಸದ ಸಾಲೊಂದು ಇರಲಿ. ಎಲ್ಲಕ್ಕೂ ಸಿಂಪಡಿಸಿದ ಮೇಲೆ ನಿರೋಧ ಯಾವುದರಲ್ಲಿದೆ ಎಂದು ಹೇಳುವವರು ಯಾರು? ಗಂಡು ಹೂ, ಹೆಣ್ಣು ಹೂ ಬೇರೆಬೇರೆ ಬಿಡುವ ಗಿಡಗಳನ್ನು ಗುರುತಿಸಿಡಿ. ಅಂಥವನ್ನು ಬಳಸಿದರೆ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಕೇಸರ ಕೀಳುವ ಕೂಲಿ ಉಳಿತಾಯವಾಗುತ್ತದೆ. ರುಚಿ ನೋಡಲು ಪ್ರಯೋಗಾಲಯದ ಸಹೋದ್ಯೋಗಿಗಳ ಜೊತೆಗೆ ಅಡುಗೆ ಮಾಡುವವರನ್ನೂ ಕರೆಯಿರಿ. ಬೆಂದಾಗ ಹೋಳು ಕರಗುತ್ತದೋ, ನಿಲ್ಲುತ್ತದೋ ಎಂಬುದು ಅವರಿಗೇ ಗೊತ್ತು.

ಇನ್ನು ಹಕ್ಕಿನ ಮಾತು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರ ತಳಿಗೂ ನೋಂದಣಿ ಅವಕಾಶ ಕೊಟ್ಟಿದೆ. ಆದರೆ ‘ಲೋಕಲ್’ ಎಂಬುದನ್ನು ಯಾರ ಹೆಸರಿಗೆ ನೋಂದಾಯಿಸುತ್ತೀರಿ? ಸಂಗ್ರಹಿಸುವ ಹೊತ್ತಿಗೇ ಊರು, ಬಳಸುವ ಹೆಸರು, ಬೀಜ ಕೊಟ್ಟವರ ಒಪ್ಪಿಗೆ, ಬಿತ್ತನೆಯ ಕಾಲ ಬರೆದುಕೊಳ್ಳದಿದ್ದರೆ ಮುಂದೆ ಯಾವ ನ್ಯಾಯವೂ ಸಿಗದು. ದಾಖಲೆಯಷ್ಟೇ ಸಾಲದು, ಬೀಜವೂ ಶುದ್ಧವಾಗಿ ಉಳಿಯಬೇಕು. ಜೇನ್ನೊಣ ಒಂದು ತಳಿಯ ಪರಾಗವನ್ನು ಇನ್ನೊಂದಕ್ಕೆ ಒಯ್ಯುವ ಬೆಳೆ ಇದು. ಹೂವಿಗೆ ಚೀಲ ಕಟ್ಟಿ, ಕೈಯಿಂದ ಪರಾಗ ಮುಟ್ಟಿಸಿ ಶುದ್ಧ ಬೀಜ ಪಡೆಯದೆ ಇಟ್ಟ ಸಂಗ್ರಹ ಕೆಲವೇ ವರ್ಷಗಳಲ್ಲಿ ಕಲಬೆರಕೆಯಾಗುತ್ತದೆ.

ವಿದ್ಯಾರ್ಥಿ ಮಿತ್ರರಲ್ಲಿ, ಅವರ ಮಾರ್ಗದರ್ಶಕರಲ್ಲಿ ನನ್ನದೊಂದೇ ಕೋರಿಕೆ. ಮುಂದಿನ ಹಂಗಾಮಿನಿಂದ ನಿಮ್ಮ ಕೋಷ್ಟಕದಲ್ಲಿ ‘ಲೋಕಲ್’ ಎಂಬ ಸಾಲು ಬೇಡ. ಆ ಜಾಗದಲ್ಲಿ ತಳಿಯ ಹೆಸರು, ಊರಿನ ಹೆಸರು ಇರಲಿ. ಪ್ರಯೋಗ ಮುಗಿದ ಮೇಲೆ ಬೀಜ ಕೊಟ್ಟ ಮನೆಗೆ ಒಂದು ಹಿಡಿ ಶುದ್ಧ ಬೀಜವನ್ನೂ ಫಲಿತಾಂಶದ ಕನ್ನಡ ಪ್ರತಿಯನ್ನೂ ತಲುಪಿಸಿ.