‘ಕ’ದಿಂದ ‘ಳ’ದವರೆಗೆ

ಬೇಕಾದ ಪದವನ್ನೇ ಹೆಸರಿಸದೆ, ಅದರ ಚಹರೆಯನ್ನಷ್ಟೇ ವಿವರಿಸಿ ಪಠ್ಯರಾಶಿಯಲ್ಲಿ ಹುಡುಕಿಸುವ ಸೂತ್ರಕ್ಕೆ ಕಂಪ್ಯೂಟರ್ ಬಲ್ಲವರು ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಅದರಲ್ಲಿ ಚೌಕಾವರಣದೊಳಗೆ ಎರಡು ಅಕ್ಷರಗಳನ್ನಿಟ್ಟು ನಡುವೆ ಅಡ್ಡಗೆರೆ ಎಳೆದರೆ, ಮೊದಲನೆಯದರಿಂದ ಎರಡನೆಯದರವರೆಗಿನ ಯಾವುದಾದರೂ ಒಂದು ಅಕ್ಷರ ಎಂದರ್ಥ, ಇದೇ ಅಕ್ಷರವ್ಯಾಪ್ತಿ.

ಗಣಿತಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ನರಕೋಶಜಾಲದ ಗಣಿತ ಮಾದರಿಯನ್ನು ವಿವೇಚಿಸುತ್ತ ಈ ಸೂತ್ರಗಳಿಗೆ ಅಡಿಪಾಯ ಹಾಕಿದರು. ಅವನ್ನು ಪಠ್ಯ ಹುಡುಕುವ ಕೆಲಸಕ್ಕೆ ಹಚ್ಚುವ ವಿಧಾನವನ್ನು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿದ ಫೆಡರಲಿಸ್ಟ್ ಲೇಖನಗಳಲ್ಲಿ ಕೆಲವನ್ನು ಬರೆದವರು ಯಾರೆಂದು ಶೋಧಿಸುತ್ತಿದ್ದ ಸಹೋದ್ಯೋಗಿ ಲೀ ಮೆಕ್‌ಮಹಾನ್ ಅವರ ಪಠ್ಯ ಅಂದಿನ ಸಂಪಾದಕ ತಂತ್ರಾಂಶದ ಹೊಟ್ಟೆಗೆ ಹಿಡಿಸದಿದ್ದಾಗ, ಥಾಂಪ್ಸನ್ ಅದರೊಳಗಿನ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಗ್ರೆಪ್ ಎಂಬ ಪುಟ್ಟ ಸಾಧನವನ್ನು ಮಾಡಿಕೊಟ್ಟರೆಂಬುದು ಈ ಚರಿತ್ರೆಯ ಅತ್ಯಂತ ಸೊಗಸಾದ ಪ್ರಸಂಗ.

ಆದರೆ ಅಡ್ಡಗೆರೆಗೆ ವರ್ಣಮಾಲೆ ತಿಳಿಯದು. ಅಕ್ಷರಗಳಿಗೆ ಕೊಟ್ಟ ಸಂಕೇತ ಸಂಖ್ಯೆಗಳ ಏರಿಕೆಯೊಂದೇ ಅದಕ್ಕೆ ಗೊತ್ತು. ಆಸ್ಕಿ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು 65ರಿಂದ 90ರವರೆಗೂ ಚಿಕ್ಕಕ್ಷರಗಳು 97ರಿಂದ 122ರವರೆಗೂ ಇರುವುದರಿಂದ, ದೊಡ್ಡ ‘ಎ’ಯಿಂದ ಚಿಕ್ಕ ‘ಝಡ್’ವರೆಗೆ ಎಂದು ಬರೆದವರಿಗೆ ನಡುವಿನ ಆರು ಚಿಹ್ನೆಗಳೂ ಕರೆಯದೇ ಬಂದ ನೆಂಟರಂತೆ ಸಿಕ್ಕುತ್ತವೆ.

ಕನ್ನಡದ ತೊಡಕು ಇನ್ನೂ ಆಳವಾದದ್ದು. ಹಲವು ಭಾರತೀಯ ಲಿಪಿಗಳಿಗೆ ಸಮಾನ ವಿನ್ಯಾಸ ಕಲ್ಪಿಸಿದ ಇಸ್ಕಿ ಪಟ್ಟಿಯನ್ನು ಯೂನಿಕೋಡ್ ಅನುಸರಿಸಿದ ಕಾರಣ, ವರ್ಣಮಾಲೆಯ ಕೊನೆಯಲ್ಲಿರಬೇಕಾದ ‘ಳ’ವು ‘ಲ’ದ ಪಕ್ಕಕ್ಕೆ, 3251ನೆಯ ಸ್ಥಾನಕ್ಕೆ ಬಂದಿದೆ. ಶಾಲೆಯಲ್ಲಿ ಕಲಿತ ಕ್ರಮವನ್ನು ನಂಬಿ ಯಾರಾದರೂ [ಕ-ಳ] ಎಂದು ಬರೆದರೆ ವ, ಶ, ಷ, ಸ, ಹ ಐದೂ ಹೊರಗುಳಿಯುತ್ತವೆ. ‘ಹೂವು’, ‘ಹಸು’, ‘ಶಿವ’ ಎಂಬ ಪದಗಳಲ್ಲಿ ಒಂದಕ್ಷರವೂ ಸಿಕ್ಕುವುದಿಲ್ಲ. [ಕ-ಹ] ಎಂದು ತಿದ್ದಿಕೊಂಡರೆ ವ್ಯಂಜನಗಳೇನೋ ದೊರೆಯುತ್ತವೆ, ಆದರೆ ಕೊಂಬು, ಇಳಿ, ಒತ್ತಕ್ಷರ ಕೂಡಿಸುವ ಚಿಹ್ನೆಗಳಿಗೆ ಬೇರೆ ಬೇರೆ ಸಂಖ್ಯೆಗಳಿರುವುದರಿಂದ ಅವನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಅಷ್ಟಾದರೂ ಹಳಗನ್ನಡದ ‘ೞ’ ದೂರದ 3294ರಲ್ಲಿ ಒಂಟಿಯಾಗಿ ನಿಂತಿದೆ. ಪಂಪನ ಪಠ್ಯದಲ್ಲಿ ಆ ಸೂತ್ರದಿಂದ ಹುಡುಕುವವರಿಗೆ ‘ಬಾೞ್’ ಎಂಬ ಪದದ ‘ಬಾ’ ಸಿಕ್ಕೀತು, ಬಾಳು ಪೂರ್ತಿಯಾಗಿ ಸಿಕ್ಕದು.