ಜೋಡಿಗೆ ಒಬ್ಬರಿದ್ದರೆ



ಸಂಜೆ ಶಾಲೆ ಬಿಡುವ ಹೊತ್ತಿಗೆ ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಲ್ಲಿ ದೊಡ್ಡವರು ಇನ್ನೂ ಹೊಲದಲ್ಲೇ ಇರುತ್ತಾರೆ. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ದಿನಗಳಲ್ಲಂತೂ ಕತ್ತಲಾಗುವ ತನಕ ಮನೆಗೆ ಬರುವುದಿಲ್ಲ. ಪಾನ್ ಅಂಗಡಿಯ ಮಗ್ಗುಲ ಕಟ್ಟೆಯ ಮೇಲೆ ಏಳನೇ, ಎಂಟನೇ ಇಯತ್ತೆಯ ನಾಲ್ಕೈದು ಹುಡುಗರು ಪಾಟಿಚೀಲ ಇಳಿಸಿ ಕೂತಿರುತ್ತಾರೆ. ಅವರಲ್ಲಿ ತುಸು ದೊಡ್ಡವನು ಕಿಸೆಯಿಂದ ಎರಡು ಚೀಟಿ ತೆಗೆಯುತ್ತಾನೆ. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಹಲ್ಲಿನಿಂದ ಹರಿದು, ಒಂದನ್ನು ಇನ್ನೊಂದರೊಳಗೆ ಸುರಿದು, ಬಾಯಿ ಮಡಚಿ ಅಲ್ಲಾಡಿಸಿ ಅಂಗೈ ಮುಂದೆ ಚಾಚುತ್ತಾನೆ. ದುಡ್ಡು ಕೇಳುವುದಿಲ್ಲ. ಹೊಸ ಹುಡುಗ ಹಿಂದೆ ಮುಂದೆ ನೋಡಿದರೆ, “ಏನಲೇ, ಇನ್ನಾ ಆಯಿ ಸೆರಗ ಬಿಟ್ಟಿಲ್ಲೇನ?” ಅನ್ನುತ್ತಾನೆ. ಉಳಿದವರು ನಗುತ್ತಾರೆ. ಆ ನಗು ಮುಗಿಯುವುದರೊಳಗೆ ಹೊಸ ಹುಡುಗನ ಕೈ ಮುಂದಾಗಿರುತ್ತದೆ.

ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅದಕ್ಕೇ ಈಗ ಒಂದು ಚೀಟಿಯ ಬದಲು ಎರಡು. 2003ರ ಕೇಂದ್ರ ಕಾಯ್ದೆ ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದು ಎಂದಿತು, ಶಾಲೆಯ ಸುತ್ತ 100 ಗಜದೊಳಗೆ ಯಾರಿಗೂ ಮಾರಬಾರದು ಎಂದಿತು. ಕಾಯ್ದೆ ಬೇಕು, ಅದನ್ನು ಬಿಗಿಯಾಗಿ ನಡೆಸುವವರೂ ಬೇಕು. ಆದರೆ ಕಟ್ಟೆಯ ಮೇಲಿನ ಆ ನಗುವಿನ ಹೊತ್ತಿಗೆ ಹುಡುಗನ ನೆರವಿಗೆ ಯಾವ ಕಾಯ್ದೆಯೂ ಬರುವುದಿಲ್ಲ. ಅವನಿಗೆ ತಂಬಾಕು ಬೇಕಾಗಿರಲಿಲ್ಲ. ಆ ಕಟ್ಟೆಯ ಮೇಲೆ ಕೂಡಲು ಒಂದು ಜಾಗ ಬೇಕಾಗಿತ್ತು. ಮೂವರು ಹತ್ತಿದ ಬೈಕಿನ ಹಿಂದೆ ಕೂತು ಸಿಂದಗಿಗೆ ಹೋಗುವ ಹುಡುಗನದೂ ಇದೇ ಕಥೆ, ಮೊಬೈಲಿನಲ್ಲಿ ನೋಡಬಾರದ್ದನ್ನು ಗೆಳತಿಯರ ಜೋಡಿ ನೋಡಿ ರಾತ್ರಿಯೆಲ್ಲ ಅಂಜಿ ಮಲಗುವ ಹುಡುಗಿಯದೂ ಇದೇ ಕಥೆ.

ಇದು ಕಿವಿಗೆ ಬಿದ್ದಾಗ ಮನೆಯಲ್ಲಿ ನಾವು ಹೇಳುವುದು ಒಂದೇ ಮಾತು: “ಅವರ ಸಂಗ ಬಿಡು.” ಬಿಟ್ಟು ಎಲ್ಲಿಗೆ ಹೋಗಬೇಕು ಎಂದು ಮಾತ್ರ ಹೇಳುವುದಿಲ್ಲ. ಹದಿಮೂರು ವರ್ಷದ ಮಗುವಿಗೆ ಒಂಟಿಯಾಗಿ ನಿಲ್ಲು ಎನ್ನುವುದು ಬಹಳ ದೊಡ್ಡ ಹೊರೆ. ಬೆಳೆದವರೂ ಅದನ್ನು ಹೊರಲಾರರು. 1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಹಾಳೆಯ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ ಎಂದು ಹೇಳಬೇಕು. ಕಣ್ಣಿದ್ದ ಯಾರಾದರೂ ಹೇಳಬಹುದಾದದ್ದು. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ತಪ್ಪು ಉತ್ತರ ಕೊಡಲು ಮೊದಲೇ ಹೇಳಿಕೊಡಲಾಗಿತ್ತು. ಎಲ್ಲರೂ ಒಂದೇ ದನಿಯಲ್ಲಿ ತಪ್ಪು ಹೇಳಿದಾಗ ಆ ಒಬ್ಬನೂ ಮೂರರಲ್ಲಿ ಒಂದು ಸಲದಷ್ಟು ಅವರ ಹಿಂದೆಯೇ ಹೋದ. ಆಮೇಲೆ ಆಶ್ ಒಂದು ಬದಲಾವಣೆ ಮಾಡಿದರು. ಗುಂಪಿನಲ್ಲಿ ಸರಿ ಉತ್ತರ ಹೇಳುವ ಇನ್ನೊಬ್ಬನನ್ನು ಕೂಡಿಸಿದರು, ಒಬ್ಬನೇ ಒಬ್ಬನನ್ನು. ತಪ್ಪುಗಳು ಮೊದಲಿನ ಕಾಲುಭಾಗಕ್ಕೆ ಇಳಿದವು.

ಒಬ್ಬ ಸಾಕು. ನನ್ನ ನಂಬಿಕೆಯ ಗ್ರಂಥ ಇದನ್ನು ಬಹಳ ಹಿಂದೆಯೇ ಬಲ್ಲದು. ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಒಬ್ಬೊಬ್ಬರನ್ನಾಗಿ ಕಳಿಸಲಿಲ್ಲ, ಇಬ್ಬಿಬ್ಬರನ್ನಾಗಿ ಕಳಿಸಿದ. ಅದಕ್ಕೂ ಹಿಂದಿನ ದಾನಿಯೇಲನ ಕಥೆಯನ್ನು ಭಾನುವಾರದ ತರಗತಿಗಳಲ್ಲಿ ಒಬ್ಬ ವೀರನ ಕಥೆಯಾಗಿ ಹೇಳುತ್ತೇವೆ. ಆದರೆ ಅವನು ಒಬ್ಬನೇ ಇರಲಿಲ್ಲ. ಸೆರೆಯಾಗಿ ಬಾಬಿಲೋನಿಗೆ ಹೋದ ಹುಡುಗರಲ್ಲಿ ಹನನ್ಯ, ಮೀಶಾಯೇಲ, ಅಜರ್ಯ ಎಂಬ ಮೂವರು ಅವನ ಜೊತೆಗಿದ್ದರು. ಅರಮನೆಯ ಊಟವನ್ನೂ ಮದ್ಯವನ್ನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದಾಗ ದಾನಿಯೇಲ ಜಗಳ ತೆಗೆಯಲಿಲ್ಲ, ಉಣ್ಣುವವರನ್ನು ಹಳಿಯಲಿಲ್ಲ. ಹತ್ತು ದಿನ ನಮಗೆ ಕಾಯಿಪಲ್ಲೆ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಎಂದು ಮೇಲ್ವಿಚಾರಕನನ್ನು ವಿನಯದಿಂದ ಕೇಳಿಕೊಂಡ. ಇನ್ನೊಂದು ಸಂಗತಿಯನ್ನು ತಂದೆತಾಯಂದಿರು ಗಮನಿಸಬೇಕು. ಆ ಹುಡುಗರಿಗೆ ಬಾಬಿಲೋನಿನವರು ಹೊಸ ಹೆಸರಿಟ್ಟರು, ತಮ್ಮ ಭಾಷೆ ಕಲಿಸಿದರು, ತಮ್ಮ ವಿದ್ಯೆ ಓದಿಸಿದರು. ಅದಕ್ಕೆಲ್ಲ ಅವರು ಒಪ್ಪಿಕೊಂಡರು. ಒಂದೇ ಒಂದಕ್ಕೆ ಒಲ್ಲೆ ಎಂದರು. ಮಕ್ಕಳಿಗೆ ಎಲ್ಲದಕ್ಕೂ ಬೇಡ ಎನ್ನುವುದನ್ನು ಕಲಿಸಿದರೆ ಯಾವುದಕ್ಕೂ ಬೇಡ ಎನ್ನುವ ಕಸುವು ಅವರಲ್ಲಿ ಉಳಿಯುವುದಿಲ್ಲ. ಓಣಿಯ ಕಬಡ್ಡಿ ಆಡಲಿ, ಜಾತ್ರೆಯಲ್ಲಿ ಗೆಳೆಯರ ಜೋಡಿ ತಿರುಗಲಿ, ಅವರ ಮನೆಯ ಹಬ್ಬದಲ್ಲಿ ಉಣ್ಣಲಿ. ಒಲ್ಲೆ ಎನ್ನಬೇಕಾದ ಒಂದೆರಡನ್ನು ಮಾತ್ರ ಕೂತು, ಕಾರಣ ಹೇಳಿ, ಮೊದಲೇ ಗೊತ್ತು ಮಾಡಿ.

ಈ ವಿಜಯಪುರ ಜಿಲ್ಲೆಯಲ್ಲಿ ಕೂತು ಮಾತಾಡುವಾಗ ಬಾಗೇವಾಡಿಯ ಬಾಲಕನನ್ನು ನೆನೆಯದೆ ಇರಲಾಗುವುದಿಲ್ಲ. ಎಂಟು ವರ್ಷದ ಬಸವಣ್ಣ ಉಪನಯನ ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದ ಕಥೆ ಇಲ್ಲಿನ ಮನೆಮನೆಗೂ ಗೊತ್ತು. ಆ ದಾರಿಯಲ್ಲಿ ಅಕ್ಕ ನಾಗಮ್ಮ ಜೊತೆಗಿದ್ದಳು ಎಂಬುದನ್ನೂ ಆ ಕಥೆ ಹೇಳುತ್ತದೆ.

ಹಾಗಾದರೆ ಮಗುವಿಗೆ ಆ ಒಬ್ಬರನ್ನು ಎಲ್ಲಿಂದ ತರುವುದು? ಇಟಲಿಯ ಜಾನ್ ಬಾಸ್ಕೊ ಎಂಬ ಬಡ ರೈತನ ಮಗ ಚಿಕ್ಕಂದಿನಲ್ಲಿ ಜಾತ್ರೆಯ ಆಟಗಾರರನ್ನು ನೋಡಿ ಹಗ್ಗದ ಮೇಲೆ ನಡೆಯುವುದನ್ನು ಕಲಿತ. ಊರ ಹುಡುಗರನ್ನೆಲ್ಲ ಸೇರಿಸಿ ಆಟ ತೋರಿಸಿ, ಅವರ ಜೊತೆ ಪ್ರಾರ್ಥನೆ ಮಾಡುತ್ತಿದ್ದ. ಕೆಟ್ಟ ಕಟ್ಟೆಯಿಂದ ಎದ್ದು ಬಾ ಎಂದು ಹೇಳುವ ಮೊದಲು ಅದಕ್ಕಿಂತ ಒಳ್ಳೆಯ ಕಟ್ಟೆಯೊಂದನ್ನು ಕಟ್ಟಿಕೊಟ್ಟ. ಮುಂದೆ ಬಾಸ್ಕೊ ಸ್ಥಾಪಿಸಿದ ಸಲೇಶಿಯನ್ ಸಭೆಯವರು ಬೆಂಗಳೂರಿನಲ್ಲಿ 1980ರಿಂದ ಮನೆ ಬಿಟ್ಟು ಬೀದಿಗೆ ಬಂದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದಾರೆ. ಅಲ್ಲಿನ ಅವರ ಸಂಸ್ಥೆಯ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. ಬೀದಿಯ ಮಗುವಿಗೂ ಒಂದು ಗುಂಪಿರುತ್ತದೆ; ಆ ಗುಂಪೇ ಅವನಿಗೆ ಅನ್ನ ಕೊಡುತ್ತದೆ, ಆ ಗುಂಪೇ ಅವನನ್ನು ಕೆಡಿಸುತ್ತದೆ. ಬರೀ ಬುದ್ಧಿಮಾತಿಗೆ ಅವನು ಅದನ್ನು ಬಿಟ್ಟು ಬರಲಾರ. ಅವನ ಪಕ್ಕದಲ್ಲಿ ಕೂಡುವ, ಅವನನ್ನು ಹೆಸರು ಹಿಡಿದು ಕರೆಯುವ ಒಬ್ಬರು ಬೇಕು.

ಇಷ್ಟೆಲ್ಲ ಮಾಡಿದರೂ ಮಗು ಒಂದು ದಿನ ಸೋಲುತ್ತದೆ. ಸೋಲು ಬಂದ ಆ ಸಂಜೆ ಮನೆಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ನನಗೆ ಹೆಚ್ಚು ಕಾಳಜಿ.

ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಎಲ್ಲರೂ ನಿನ್ನನ್ನು ಬಿಟ್ಟರೂ ನಾನು ಬಿಡೆನು ಎಂದು ಯೇಸುವಿಗೆ ಆಣೆ ಮಾಡಿದಂತೆ ಹೇಳಿದವನು. ಹಿಡಿಯಲು ಬಂದವರ ಎದುರು ತೋಟದಲ್ಲಿ ಕತ್ತಿಯನ್ನೇ ಹಿರಿದವನು. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆಳುಗಳು ಚಳಿಗೆ ಕೆಂಡ ಮಾಡಿ ಬೆಂಕಿ ಕಾಸುತ್ತಿದ್ದರು. ಇವನೂ ಹೋಗಿ ನಿಂತ. ಒಬ್ಬ ಕೆಲಸದ ಹುಡುಗಿ, ನೀನೂ ಅವನ ಕಡೆಯವನಲ್ಲವೇ ಎಂದು ಕೇಳಿದಳು. ಅಲ್ಲ ಎಂದ. ಮತ್ತೆ ಕೇಳಿದರು, ಮತ್ತೆ ಅಲ್ಲ ಎಂದ. ಮೂರನೆಯ ಸಲವೂ ಅಲ್ಲ ಎಂದ. ಕತ್ತಿಗೆ ಹೆದರದವನು ಆ ಬೆಂಕಿಯ ಸುತ್ತ ನಿಂತವರ ಮುಖಕ್ಕೆ ಹೆದರಿದ. ಶತ್ರುವಿನ ಮುಂದೆ ಇರುವ ಧೈರ್ಯ ಗುಂಪಿನ ಮುಂದೆ ಇರುವುದಿಲ್ಲ. ದೊಡ್ಡವನಾದ ಪೇತ್ರನಿಗೇ ಇರಲಿಲ್ಲ, ಎಂಟನೇ ಇಯತ್ತೆಯ ಹುಡುಗನಿಂದ ನಾವು ಎಷ್ಟು ಬಯಸುತ್ತೇವೆ?

ಮರಣವನ್ನು ಗೆದ್ದು ಬಂದ ಯೇಸು ಅವನನ್ನು ಮತ್ತೆ ಕಂಡದ್ದು ಗಲಿಲಾಯದ ಸರೋವರದ ದಡದಲ್ಲಿ, ಬೆಳಗಿನ ಜಾವ. ಅಲ್ಲಿಯೂ ಕೆಂಡದ ಬೆಂಕಿ ಇತ್ತು ಎಂದು ಯೋಹಾನನು ತನ್ನ ಸುವಾರ್ತೆಯಲ್ಲಿ ಮರೆಯದೆ ಬರೆಯುತ್ತಾನೆ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ರಾತ್ರಿಯೆಲ್ಲ ಬಲೆ ಬೀಸಿ ದಣಿದವನಿಗೆ ಮೊದಲು ಊಟ, ಆಮೇಲೆ ಮಾತು. ಯಾಕೆ ಹಾಗೆ ಮಾಡಿದೆ ಎಂಬ ಪ್ರಶ್ನೆ ಬರಲೇ ಇಲ್ಲ. ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿದ, ಮೂರು ಸಲವೂ ಅವನ ಕೈಗೆ ಒಂದು ಜವಾಬ್ದಾರಿ ಕೊಟ್ಟ: ತನ್ನ ಕುರಿಗಳನ್ನು ಕಾಯುವ ಜವಾಬ್ದಾರಿ.

ಮಗನ ಬಾಯಿಂದ ತಂಬಾಕಿನ ವಾಸನೆ ಬಂದ ಸಂಜೆ ನಮ್ಮ ಮನೆಗಳಲ್ಲಿ ಮೊದಲು ಏಟು ಬೀಳುತ್ತದೆ, ಆಮೇಲೆ ಓಣಿಗೆ ಕೇಳುವಂತೆ ಬೈಗುಳ, ಊಟದ ನೆನಪು ಕೊನೆಗೆ. ಮಾರನೆಯ ದಿನ ಅವನು ಎಲ್ಲಿಗೆ ಹೋಗುತ್ತಾನೆ? ತನ್ನನ್ನು ನೋಡಿ ನಗುವವರ ನಡುವೆಯಾದರೂ ಒಂದು ಜಾಗವಿದೆ ಎಂದು ಅದೇ ಕಟ್ಟೆಗೆ. ಊಟಕ್ಕೆ ಬಡಿಸಿ, ಪಕ್ಕದಲ್ಲಿ ಕೂತು, ಆಮೇಲೆ ಕೇಳೋಣ. ಕೇಳಿದ ಮೇಲೆ ತಮ್ಮನನ್ನು ಶಾಲೆಗೆ ಕರೆದೊಯ್ದು ಕರೆತರುವ ಕೆಲಸ ಅವನಿಗೇ ಒಪ್ಪಿಸೋಣ. ನಂಬಿಕೆ ಕಳೆದುಕೊಂಡವನಿಗೆ ನಂಬಿ ಕೊಟ್ಟ ಕೆಲಸ ಬೇಕು. ನಮ್ಮ ಕ್ರೈಸ್ತ ಮನೆಗಳಿಗೆ ಇನ್ನೂ ಒಂದು ಮಾತು ಹೇಳಲೇಬೇಕು. ದೇವರು ನೋಡ್ತಾನ, ನರಕಕ್ಕ ಹೋಗ್ತಿ ಎಂದು ಹೆದರಿಸಿದರೆ ಮಗುವಿನ ಪಾಲಿಗೆ ದೇವರೂ ಕಟ್ಟೆಯ ಮೇಲಿನ ಇನ್ನೊಬ್ಬ ದೊಡ್ಡ ಹುಡುಗನಾಗಿಬಿಡುತ್ತಾನೆ. ರಾತ್ರಿಯ ಪ್ರಾರ್ಥನೆಯಲ್ಲಿ ಮಗನ ತಪ್ಪಿನ ಪಟ್ಟಿ ಓದಬೇಡಿ. ಅವನ ಗೆಳೆಯರ ಹೆಸರು ಹೇಳಿ ಅವರಿಗಾಗಿ ಬೇಡಿಕೊಳ್ಳಿ, ಆ ಚೀಟಿ ಹರಿದು ಕೊಟ್ಟ ಹುಡುಗನ ಹೆಸರನ್ನೂ ಸೇರಿಸಿ. ಅವನಿಗೂ ಯಾರೋ ಒಬ್ಬರು ಮೊದಲ ಸಲ ಅಂಗೈ ಚಾಚಿದ್ದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಮನೆಗಳಲ್ಲಿ ಅವ್ವ ಅಪ್ಪ ದುಡಿಯಲು ಪುಣೆಗೋ ಗೋವೆಗೋ ಹೋಗಿದ್ದಾರೆ, ಮಕ್ಕಳು ಆಯಿ ಮುತ್ಯಾನ ಹತ್ತಿರ ಉಳಿದಿದ್ದಾರೆ. ಅಂಥ ತಂದೆತಾಯಂದಿರ ಕಿವಿಗೂ ಈ ಮಾತು ಹೇಗಾದರೂ ಮುಟ್ಟಲಿ ಎಂಬುದು ನನ್ನ ಆಸೆ. ಫೋನು ಮಾಡಿದಾಗ ಉಂಡೆಯಾ, ಓದಿದೆಯಾ ಎಂದು ಕೇಳಿದ ಮೇಲೆ, “ನಿನ್ನ ಜೋಡಿ ಯಾರು ಇರ್ತಾರ?” ಎಂದೂ ಕೇಳಿ. ಒಲ್ಲೆ ಎನ್ನುವುದು ಕಷ್ಟವಾದಾಗ “ನಮ್ಮ ಮನ್ಯಾಗ ಬೈತಾರ” ಎಂದು ನಮ್ಮ ಮೇಲೆ ಹಾಕಿ ಪಾರಾಗು ಎಂದು ಹೇಳಿಕೊಡಿ. ಆ ಮಟ್ಟಿಗೆ ಕೆಟ್ಟವರಾಗಲು ನಾವು ತಯಾರಿರೋಣ. ಮಗ ಒಬ್ಬ ಒಳ್ಳೆಯ ಗೆಳೆಯನ ಹೆಸರು ಹೇಳಿದರೆ, ಮುಂದಿನ ವಾರ ಅವನನ್ನೂ ಫೋನಿನ ಹತ್ತಿರ ಕರೆಸಿ ಎರಡು ಮಾತಾಡಿ.