ಆಂಗ್ಲ ಕಾವ್ಯವನ್ನು ಕೂಡಿ ಓದುವುದು



ಕನ್ನಡ ಶಾಲೆಯಲ್ಲಿ ಕಲಿತು ಕಾಲೇಜು ಸೇರುವ ನಮ್ಮ ಮಕ್ಕಳಲ್ಲಿ ಅನೇಕರು ಆಂಗ್ಲ ಸಾಹಿತ್ಯದ ತರಗತಿಯಲ್ಲಿ ಬಾಯಿ ತೆರೆಯಲು ಅಂಜುತ್ತಾರೆ. ಪರಭಾಷೆಯ ಕಾವ್ಯ ತಮಗೆ ದಕ್ಕಲಾರದೆಂಬ ಸಂಕೋಚ ಅವರದು. ಗೈಡಿನ ಸಾರಾಂಶವನ್ನು ಉರುಹೊಡೆದು ತೇರ್ಗಡೆಯಾಗುತ್ತಾರೆ. ಕವಿತೆಯನ್ನು ಮಾತ್ರ ಓದಿರುವುದಿಲ್ಲ.

ಈ ಸಂಕೋಚಕ್ಕೆ ಇಂಗ್ಲಿಷ್ ಕವಿಯೊಬ್ಬನಲ್ಲೇ ಸಮಾಧಾನವಿದೆ. 1807ರಲ್ಲಿ ಅಚ್ಚಾದ ವರ್ಡ್ಸ್‌ವರ್ತನ 'ದಿ ಸಾಲಿಟರಿ ರೀಪರ್' ಕವಿತೆಯಲ್ಲಿ ಸ್ಕಾಟ್ಲೆಂಡಿನ ಮಲೆಸೀಮೆಯ ತರುಣಿಯೊಬ್ಬಳು ಒಂಟಿಯಾಗಿ ಪೈರು ಕೊಯ್ಯುತ್ತ ಹಾಡುತ್ತಾಳೆ. ಹಾಡು ಆ ಸೀಮೆಯ ಗೇಲಿಕ್ ನುಡಿಯದು. ಅದರ ಅರ್ಥ ಕವಿಗೆ ತಿಳಿಯದು. ಹಿಂದಿನ ಕಾಳಗಗಳ ದುಃಖವೋ, ದಿನನಿತ್ಯದ ಯಾವುದೋ ನೋವೋ ಎಂದು ಊಹಿಸುತ್ತಾನೆ. ಕವಿತೆಗೆ ಪ್ರೇರಣೆಯೂ ಮಿತ್ರ ಥಾಮಸ್ ವಿಲ್ಕಿನ್ಸನ್ನನ ಪ್ರವಾಸಕಥನದ ಹಸ್ತಪ್ರತಿಯಲ್ಲಿ ಅವನು ಓದಿದ ಒಂದು ವಾಕ್ಯವೇ!

ಇಂಥದನ್ನು ನಾಲ್ವರು ಕೂಡಿ ಮೊದಲು ಗಟ್ಟಿಯಾಗಿ ಓದಬೇಕು, ನಿಘಂಟು ಆಮೇಲೆ. ಬಳಿಕ ಪ್ರತಿಯೊಬ್ಬರೂ ತಮಗೆ ಕಂಡದ್ದನ್ನು ಕನ್ನಡದಲ್ಲಿಯೇ ಹೇಳಲಿ. ಕುಡುಗೋಲು ಹಿಡಿದು ಬಲ್ಲ ಮನೆಯ ಹುಡುಗಿ, ಬಾಗಿ ಕೊಯ್ಯುವಾಗ ಹಾಡಿನ ಉಸಿರು ಎಲ್ಲಿ ತಡೆಯುವುದೆಂಬುದನ್ನು ತಿಳಿಸಬಲ್ಲಳು. ಗೈಡು ಬರೆದವರಿಗೆ ಆ ಅನುಭವವಿದ್ದಂತೆ ಕಾಣದು. ನಾಟಿಯ ಹಾಡು ಬಲ್ಲ ಅಜ್ಜಿಯರನ್ನೂ ಕರೆದು ಕೂರಿಸಿಕೊಳ್ಳಬಹುದು. ಆದರೆ ಏನೇ ಹೇಳಿದರೂ, "ಇದು ಯಾವ ಸಾಲಿನಲ್ಲಿದೆ?" ಎಂದು ಒಬ್ಬರು ಕೇಳಲೇಬೇಕು, ಇಲ್ಲವಾದರೆ ಚರ್ಚೆ ಬರಿಯ ಹರಟೆಯಾದೀತು.

ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಬೋಧಿಸುತ್ತಿದ್ದ ಪ್ರಾಧ್ಯಾಪಕರು. 'ಇಂಗ್ಲಿಷ್ ಗೀತಗಳು' ಕನ್ನಡಕ್ಕೆ ಬಂದದ್ದು ಅವರಿಂದ. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದಿರಬಹುದು. ಸಂಘದ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಸೇರುವುದಂತೂ ಸಾಧ್ಯ. ಈ ಕವಿತೆಯಲ್ಲಿ 8 ಸಾಲಿನ 4 ಪದ್ಯಗಳಿವೆ. ಸಂಜೆಗೊಂದರಂತೆ ಒಂದು ತಿಂಗಳಿಗೆ ಸಾಕು.